ಅಕ್ರೋಟ್ ಮರ ದಾಟಿದ ಮೇಲೆ

ತಗೊಂಡೇಬಿಟ್ಟನಲ್ಲ. ಬಿಸಿ ರೊಟ್ಟಿ ಚಾಚಿದರೆ ತಗೊಳ್ಳುವ ಹಾಗೆ ಎರಡೂ ಕೈ ನೀಡಿ, ಒಂದೇ ಮಾತಿಗೆ ತಗೊಂಡೇಬಿಟ್ಟನಲ್ಲ. ಹಳ್ಳಿಯ ಕೊನೆಯ ಮನೆ ಹಿಂದೆ ಬಿದ್ದಿತ್ತು. ಕಾಲುವೆಯ ಪಕ್ಕದ ದಾರಿಗೆ ಇನ್ನೂ ಬಿಸಿಲು ಇಳಿದಿರಲಿಲ್ಲ. ಫರಾಮರ್ಜ್ ಎಲ್ಲರಿಗಿಂತ ಹಿಂದೆ ನಡೆಯುತ್ತ ಅದನ್ನೇ ಮೆಲುಕು ಹಾಕುತ್ತಿದ್ದ. ಮುಂದೆ ದಾರಿ ತಿರುಗುವಲ್ಲೆಲ್ಲ ಕಿಯಾನೂಷನ ಕೈಯಲ್ಲಿ ತನ್ನ ಪಿಕಾಸಿ ಕಂಡು ಮರೆಯಾಗುತ್ತಿತ್ತು. ಹಿಮ ಕಡಿಯುವ ಹಳೆಯ ಪಿಕಾಸಿ. ಅದರ ಉದ್ದನೆಯ ಮರದ ಕಾವು ಪ್ರತಿ ಚಳಿಗಾಲದಲ್ಲೂ ಅಗಸೆ ಎಣ್ಣೆ ತಿಕ್ಕಿಸಿಕೊಂಡು ಫರಾಮರ್ಜ್‌ನ ಅಂಗೈಯ ಬಣ್ಣಕ್ಕೇ ತಿರುಗಿತ್ತು. ಅದು ಯಾರ ಕೈಯಲ್ಲಿದೆಯೋ ಅವನು ಮುಂದೆ ನಡೆಯುತ್ತಾನೆ, ಅವನು ಕೂತಲ್ಲಿ ಉಳಿದವರು ಕೂರುತ್ತಾರೆ, ಅವನು ಎದ್ದರೆ ಏಳುತ್ತಾರೆ. ಬೊರುಜೆರ್ದ್ ಪಟ್ಟಣದಿಂದ ಶುಕ್ರವಾರ ಶುಕ್ರವಾರ ಬೆಟ್ಟ ಹತ್ತುವ ಈ ಗೆಳೆಯರ ಗುಂಪು ಹುಟ್ಟಿದಾಗಿನಿಂದ ಅದು ಇದ್ದದ್ದು ಫರಾಮರ್ಜ್‌ನ ಕೈಯಲ್ಲಿ.

ಕೊಟ್ಟದ್ದು ಯಾರು ಮತ್ತೆ? ಅವನೇ. ಕಾರಿನಿಂದ ಇಳಿದು ಬೂಟಿನ ದಾರ ಬಿಗಿಯುವಾಗ, "ಕಿಯಾನೂಷ್ ಜಾನ್, ಇವತ್ತು ನೀನೇ ಮುಂದೆ ನಡಿಯಪ್ಪ. ನಮ್ಮ ಕಾಲ ಆಯ್ತು, ನಾವಿನ್ನು ನಿಮ್ಮ ಹಿಂದೆ ಬರೋರು" ಎಂದಿದ್ದ. ಪ್ರತಿ ಬೇಸಿಗೆಯಲ್ಲೂ ಬೆಟ್ಟದ ನೆತ್ತಿಯ ಕೆರೆಗೆ ಮೊದಲ ಸಲ ಹೊರಡುವ ದಿನ ಯಾರಿಗಾದರೂ ಒಬ್ಬರಿಗೆ ಅವನು ಇದನ್ನು ಹೇಳುತ್ತಿದ್ದ. ಹೇಳಿಸಿಕೊಂಡವರು ಎದೆಯ ಮೇಲೆ ಕೈಯಿಟ್ಟು ಒಂದು ಹೆಜ್ಜೆ ಹಿಂದೆ ಸರಿಯಬೇಕು, ಆಗಾ ಎಂದು ಗೌರವದಿಂದ ಕರೆದು ನೀವಿರುವಾಗ ನಾವ್ಯಾರು ಎನ್ನಬೇಕು. ಅವನು ಇನ್ನೊಮ್ಮೆ ಒತ್ತಾಯಿಸಬೇಕು, ಅವರು ಇನ್ನೊಮ್ಮೆ ಒಲ್ಲೆ ಎನ್ನಬೇಕು. ಮೂರನೆಯ ಸಲಕ್ಕೆ ಎಲ್ಲರೂ ನಗಬೇಕು, ಅವನು ನಿಟ್ಟುಸಿರಿಟ್ಟು ಪಿಕಾಸಿಯನ್ನು ಮತ್ತೆ ಹೆಗಲಿಗೇರಿಸಬೇಕು. ತಾರೂಫ್ ಎಂದರೆ ಅದು. ಬಾಗಿಲ ಬಳಿ ಇಬ್ಬರು ಸಿಕ್ಕರೆ ನೀವು ಮೊದಲು, ಇಲ್ಲ ನೀವು ಮೊದಲು ಎಂದು ಒಳಗಿನ ಚಹಾ ಆರುವ ತನಕ ನಿಲ್ಲುತ್ತಾರೆ. ದಾರಿಯಲ್ಲಿ ಸಿಕ್ಕವನನ್ನು ಊಟಕ್ಕೆ ಬಾ ಎಂದು ತೋಳು ಹಿಡಿದು ಎಳೆಯುತ್ತಾರೆ. ಅವನು ನಿಜವಾಗಿ ಬಂದುಬಿಟ್ಟರೆ ಮನೆಯಲ್ಲಿ ಅಕ್ಕಿ ಇರುವುದಿಲ್ಲ. ಬರಬಾರದು ಎಂಬುದು ಬೆರಳು ಚೀಪುವ ಮಗುವಿಗೂ ಗೊತ್ತು. ಕಿಯಾನೂಷ್ ಮಾತ್ರ ಫರಾಮರ್ಜ್‌ನ ಮುಖವನ್ನೇ ಒಂದು ಗಳಿಗೆ ನೋಡಿ, "ನಿಮ್ಮ ಮಾತು ನನ್ನ ಕಣ್ಣ ಮೇಲೆ, ಆಗಾ" ಎಂದು ಕೈ ಚಾಚಿದ. ಚಾಚಿದ ಕೈಗೆ ಕೊಡದೆ ಏನು ಮಾಡುವುದು? ನಾನು ಸುಮ್ಮನೆ ಹೇಳಿದ್ದು ಎನ್ನುವುದಕ್ಕಾಗುತ್ತದೆಯೇ? ಉಗುಳಿದ್ದನ್ನು ನುಂಗುವುದು ಹೇಗೆ?

ಫರಾಮರ್ಜ್‌ನ ಮುಂದೆ ಹಬೀಬ್ ಏದುಸಿರು ಬಿಡುತ್ತ ನಡೆಯುತ್ತಿದ್ದ. ಮಿಠಾಯಿ ಅಂಗಡಿಯ ಹಬೀಬ್, ಶಾಲೆಯಿಂದಲೂ ಗೆಳೆಯ. ಅವನ ಹೊಟ್ಟೆ ಮುಂದೆ, ಮಾತು ಅದಕ್ಕಿಂತ ಮುಂದೆ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅನ್ನೋದು ನಿನ್ನ ನೋಡೇ ಹುಟ್ಟಿದ್ದು ಕಣೋ ಎಂದು ಆಗಲೇ ಎರಡು ಸಲ ಚುಚ್ಚಿದ್ದ. ಹಬೀಬ್‌ಗಿಂತ ಮುಂದೆ ತೂರಾನ್, ಫರಾಮರ್ಜ್‌ನ ಹೆಂಡತಿ. ತಲೆಯ ಬಟ್ಟೆ ಹೆಗಲಿಗೆ ಜಾರಿಸಿಕೊಂಡು, ಹೆರಿಗೆ ಆಸ್ಪತ್ರೆಯ ಓಣಿಗಳಲ್ಲಿ ಮೂವತ್ತು ವರ್ಷ ನಡೆದ ಅದೇ ಗಟ್ಟಿ ಹೆಜ್ಜೆಯಲ್ಲಿ ನಡೆಯುತ್ತಿದ್ದಳು. ಪಿಕಾಸಿ ಕೈ ಬದಲಾಯಿಸಿದ ಗಳಿಗೆಯಲ್ಲಿ ಅವಳು ನಕ್ಕಿದ್ದಳು. ಜೋರಾಗಿ ಅಲ್ಲ, ಮೂಗಿನಲ್ಲಿ. ಆ ನಗು ಫರಾಮರ್ಜ್‌ನ ಬೂಟಿನೊಳಗಿನ ಕಲ್ಲಾಗಿತ್ತು. ಅದನ್ನು ತೆಗೆಯಲು ಕೂರೋಣವೆಂದರೆ ಕೂರುವ ಹೊತ್ತನ್ನು ಹೇಳುವವನು ಈಗ ಅವನಲ್ಲ.

ಹಗ್ಗ ಹೊಸೆಯುತ್ತಿದ್ದ ಮುದುಕ ಸಫರಲಿ ಈ ಪಿಕಾಸಿ ಕೊಟ್ಟದ್ದು ಹೀಗಲ್ಲ. ಮಂಡಿ ಸೋತುಹೋಗಿ ಬಾಗಿಲ ಬಿಸಿಲಿನಲ್ಲಿ ಕೂತಿದ್ದವನು ತಗೋ ಎಂದಾಗ ಫರಾಮರ್ಜ್ ಒಲ್ಲೆನೆಂದಿದ್ದ. ಮತ್ತೆ ತಗೋ ಎಂದಾಗ ಮುದುಕನ ಕೈಗೆ ಮುತ್ತಿಟ್ಟು ಒಲ್ಲೆನೆಂದಿದ್ದ. ಮೂರನೆಯ ಸಲವೂ ಒಲ್ಲೆನೆಂದು ಮನೆಗೆ ಬಂದು ರಾತ್ರಿಯೆಲ್ಲ ನಿದ್ದೆಗೆಟ್ಟು ಮಾರನೆಯ ದಿನ ಹೋಗಿ ತಗೊಂಡಿದ್ದ. ಇಬ್ಬರೂ ಅತ್ತಿದ್ದರು. ಸಫರಲಿ ಆಮೇಲೆ ಅಂಗಳದ ಕಲ್ಲಿಗೆ ಕಾವು ಬಡಿದು ತೋರಿಸಿದ್ದ. ಹಿಮವನ್ನು ಕಣ್ಣಲ್ಲಿ ನೋಡಬಾರದು ಮಗನೇ, ಬಡಿದು ಕಿವಿಯಲ್ಲಿ ನೋಡಬೇಕು, ಗಟ್ಟಿ ಹಿಮ ಧಪ್ಪೆನ್ನುತ್ತದೆ, ಟೊಳ್ಳು ಹಿಮ ಮೋಸ ಮಾಡಿದವನ ಹಾಗೆ ಸಣ್ಣಗೆ ಮಾತಾಡುತ್ತದೆ ಎಂದಿದ್ದ. ವಸ್ತು ಕೈ ಬದಲಾಯಿಸುವುದಕ್ಕೆ ಒಂದು ರೀತಿ ಇರುತ್ತದೆ, ನೀತಿ ಇರುತ್ತದೆ. ಈ ಕಿಯಾನೂಷನಿಗೆ ಏನಿದೆ? ಪುರಸಭೆಯ ನೀರು ಸರಬರಾಜಿನ ಇಂಜಿನಿಯರು, ಕೊಳಾಯಿ ತಿರುಗಿಸಿದರೆ ನೀರು ಬರಬೇಕು, ಕೇಳಿದರೆ ಪಿಕಾಸಿ ಬರಬೇಕು.

ಕುರಿ ಕಾಯುವವರ ಕಪ್ಪು ಡೇರೆಗಳನ್ನು ದಾಟಿ, ಮುಳ್ಳುಗಿಡದ ದಿಂಡುಗಳ ನಡುವಿನ ಏರು ಶುರುವಾದಾಗ ಮೇಲಿನಿಂದ ಏಳೆಂಟು ಹುಡುಗ ಹುಡುಗಿಯರು ಇಳಿದು ಬಂದರು. ಹಿಂದಿನ ದಿನ ಹೋಗಿ ಕೆರೆಯ ದಡದಲ್ಲಿ ಮಲಗಿದ್ದವರಿರಬೇಕು. ಬೆಟ್ಟದಲ್ಲಿ ಎದುರಾದವರು ದಣಿವಾಗದಿರಲಿ ಎಂದು ಹಾರೈಸುವುದು ರೂಢಿ, ಗುಂಪಿನ ಮುಂದಾಳಿಗೆ ಮೊದಲ ಹಾರೈಕೆ. ಅವರೆಲ್ಲ ಕಿಯಾನೂಷನ ಮುಂದೆ ನಿಂತು ತಲೆಬಾಗಿ ಹಾರೈಸಿದರು, ಪಿಕಾಸಿಯನ್ನು ಮೆಚ್ಚಿ ಮುಟ್ಟಿದರು, ಎಲ್ಲಿ ಸಿಕ್ಕಿತು ಇಂಥ ಹಳೆಯದು ಎಂದು ಕೇಳಿದರು. ಅವನು ಹಿಂದೆ ಕೈ ತೋರಿಸಿ ಏನೋ ಹೇಳಿದ್ದು ಫರಾಮರ್ಜ್‌ಗೆ ಕೇಳಿಸಲಿಲ್ಲ. ಕೇಳಿಸಿಕೊಳ್ಳುವ ಮನಸ್ಸೂ ಅವನಿಗಿರಲಿಲ್ಲ. ಅವರು ಒಬ್ಬೊಬ್ಬರಾಗಿ ಅವನನ್ನು ದಾಟುವಾಗ ಕೊನೆಯ ಹುಡುಗಿ, ಮೂಗಿಗೆ ಬಿಳಿ ಮುಲಾಮು ಬಳಿದುಕೊಂಡಿದ್ದವಳು, ನಿಂತು ದನಿ ಮೆತ್ತಗೆ ಮಾಡಿ, "ಬಿಡಬೇಡಿ ಹಾಜ್ ಆಗಾ. ಇನ್ನೇನು ಬಂದೇಬಿಡ್ತು. ನಿಧಾನಕ್ಕೆ ಹೋಗಿ" ಎಂದಳು. ಅವನು ಹಜ್ ಯಾತ್ರೆಗೆ ಹೋದವನೇ ಅಲ್ಲ. ನೆರೆತ ಗಡ್ಡ ಕಂಡವರಿಗೆಲ್ಲ ಅಂಟಿಸುವ ಮಾತು ಅದು. ಈ ಬೆಟ್ಟದ ಪ್ರತಿ ಬಂಡೆಗೂ ಅವನ ಬೂಟಿನ ಗುರುತಿದೆ, ಇವಳು ಹುಟ್ಟುವ ಮೊದಲೇ ಅವನು ಫೆಬ್ರವರಿಯ ಗಾಳಿಯಲ್ಲಿ ಈ ಕಣಿವೆಯನ್ನು ದಾಟಿದವನು. ಇವೆಲ್ಲ ಬಾಯಿಗೆ ಬಂದವು. ಆದರೆ ಅವನು ಎದೆಯ ಮೇಲೆ ಕೈಯಿಟ್ಟು ನಿನ್ನ ಕಾಲಿಗೆ ನೋವಾಗದಿರಲಿ ಮಗಳೇ ಎಂದ. ಆ ಕೈ ಹೇಗೆ ಎದೆಗೆ ಹೋಯಿತೋ ಅವನಿಗೇ ತಿಳಿಯಲಿಲ್ಲ. ಹಬೀಬ್ ಹಿಂದಿರುಗಿ ನೋಡಿ, ನಡಿ ಹಾಜ್ ಆಗಾ, ಕೋಲು ತಂದುಕೊಡಲಾ ಎಂದ. ಅವನನ್ನು ಕೊರಕಲಿಗೆ ತಳ್ಳಿಬಿಡೋಣ ಎನ್ನಿಸಿತು.

ಆ ಅಕ್ರೋಟ್ ಮರವಾದರೂ ಬೆಳಿಗ್ಗೆ ಅವನನ್ನು ಉಳಿಸಬಹುದಿತ್ತು. ಹಳ್ಳಿಯ ಮೇಲ್ಗಡೆ ಒಂಟಿಯಾಗಿ ನಿಂತಿರುವ ಮರ, ಅದರಾಚೆ ತೋಟವಿಲ್ಲ, ನೆರಳಿಲ್ಲ. ಅಲ್ಲಿ ನಿಂತು ಬೊಡ್ಡೆಗೆ ಅಂಗೈ ಬಡಿದು, ಇಲ್ಲಿಂದ ಮೇಲೆ ತಾರೂಫ್ ಇಲ್ಲ ಎಂದು ಹೇಳುವುದು ಮುಂದಾಳಿನ ಕೆಲಸ. ಆ ನಿಯಮ ಮಾಡಿದವನೂ ಫರಾಮರ್ಜ್‌ನೇ. ಮಾಡಿದ್ದು ಇದೇ ಕಿಯಾನೂಷನ ದೆಸೆಯಿಂದ. ಹದಿನೈದು ವರ್ಷದ ಹಿಂದೆ ಫರಾಮರ್ಜ್‌ನ ಕನ್ನಡಕದ ಅಂಗಡಿಗೆ ಕನ್ನಡಕ ಮಾಡಿಸಲು ಬಂದ ಈ ಕಾಲೇಜು ಹುಡುಗ ಗೋಡೆಯ ಮೇಲಿದ್ದ ಬೆಟ್ಟದ ಚಿತ್ರ ನೋಡುತ್ತ ನಿಂತುಬಿಟ್ಟಿದ್ದ. ಬರ್ತೀಯಾ ಎಂದರೆ ಮುಂದಿನ ಶುಕ್ರವಾರವೇ ತೆಳು ಬೂಟು ಹಾಕಿಕೊಂಡು ಬಂದಿದ್ದ. ಚಳಿಗಾಲ, ಬೆಟ್ಟದ ಏಣಿನ ಮೇಲೆ ಕೊಯ್ಯುವ ಗಾಳಿ. ಕಾಲು ಮರಗಟ್ಟಿದೆಯೇನೋ ಎಂದು ಫರಾಮರ್ಜ್ ಹಿಂದಿರುಗಿ ಕೇಳಿದಾಗಲೆಲ್ಲ, ಇಲ್ಲ ಆಗಾ, ನಿಮ್ಮ ದಯೆ, ಚೆನ್ನಾಗಿದೆ ಎಂದು ನಗುತ್ತಿದ್ದ. ಹಿರಿಯರಿಗೆ ತೊಂದರೆ ಕೊಡಬಾರದೆಂದು ಕಲಿಸಿ ಕಳಿಸಿದ್ದಳು ತಾಯಿ. ಸಂಜೆ ಬೂಟು ಬಿಚ್ಚಿದಾಗ ಎಡಗಾಲಿನ ಕಿರುಬೆರಳು ಇದ್ದಿಲಾಗಿತ್ತು. ಅದನ್ನು ಕತ್ತರಿಸಿದ ಮಾರನೆಯ ದಿನ ಫರಾಮರ್ಜ್ ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ನಿಂತು, ವಾರ್ಡಿಗೆ ವಾರ್ಡೇ ತಿರುಗಿ ನೋಡುವ ಹಾಗೆ ಬೈದಿದ್ದ: "ಬೆಟ್ಟದಲ್ಲಿ ಉಪಚಾರಕ್ಕೆ ಹೇಳಿದ ಸುಳ್ಳು ಜೀವ ತಿನ್ನುತ್ತೆ ಕಣೋ ಕತ್ತೆ. ನಾನು ಕೇಳಿದ್ರೆ ಒಂದೇ ಸಲ ಹೇಳ್ಬೇಕು, ನಿಜ ಹೇಳ್ಬೇಕು." ಹುಡುಗ ಅಳುತ್ತ ತಲೆಯಾಡಿಸಿದ್ದ. ತೂರಾನ್ ಅಂದಿನಿಂದ ಅವನನ್ನು ಮಗನೇ ಎಂದು ಕರೆಯಲು ಶುರುಮಾಡಿದ್ದಳು. ಮನೆಯಲ್ಲಿ ಹಾಗೆ ಕರೆಯಲು ಬೇರೆ ಯಾರೂ ಇರಲಿಲ್ಲ.

ಇವತ್ತು ಬೊಡ್ಡೆಗೆ ಅಂಗೈ ಬಡಿದವನು ಕಿಯಾನೂಷ್. ಬಡಿದು, ಮಾತು ಹೇಳಿ, ಒಂದು ಗಳಿಗೆ ಫರಾಮರ್ಜ್‌ನ ಕಡೆ ನೋಡಿದ್ದ. ಏನನ್ನೋ ಕೇಳುವ ನೋಟ. ಆಗಲೇ ಬಾಯಿ ಬಿಡಬಹುದಿತ್ತು, ನಿಜ ಹೇಳ್ತೀನಿ, ಅದು ನನಗೇ ಬೇಕು ಎನ್ನಬಹುದಿತ್ತು. ಅವನು ಬಿಗಿಯಾಗಿದ್ದ ಬೂಟಿನ ದಾರವನ್ನು ಮತ್ತೆ ಬಿಗಿಯಲು ಬಗ್ಗಿದ. ಎದ್ದಾಗ ಗುಂಪು ನಡೆದುಬಿಟ್ಟಿತ್ತು. ಈಗ ಏರಿನಲ್ಲಿ ತನ್ನೊಳಗೇ ವಕೀಲಿ ಮಾಡಿಕೊಳ್ಳುತ್ತಿದ್ದ. ನಾನು ಹೇಳಿದ್ದು ಎಲ್ಲಿ? ಕಾರಿನ ಹತ್ತಿರ. ಅಂದರೆ ಮರದ ಕೆಳಗಡೆ. ಕೆಳಗಡೆ ಆಡಿದ ಮಾತು ತಾರೂಫ್, ಅದನ್ನು ನಿಜವೆಂದು ತಿಳಿದದ್ದು ಅವನ ತಪ್ಪು. ತಿಳಿಯಲಿಲ್ಲವೋ, ತಿಳಿದೂ ತಿಳಿಯದವನಂತೆ ನಟಿಸಿದನೋ? ಎಷ್ಟು ದಿನದಿಂದ ಕಣ್ಣಿಟ್ಟಿದ್ದನೋ? ಹೋದ ಶರತ್ಕಾಲದಲ್ಲಿ ತಾನು ಇಳಿಜಾರಿನಲ್ಲಿ ಜಾರಿ ಕೂತಾಗ ಓಡಿಬಂದು ಕಂಕುಳಿಗೆ ಕೈಹಾಕಿ ಎತ್ತಿದನಲ್ಲ, ಆ ಎತ್ತುವಿಕೆಯಲ್ಲೇ ಏನೋ ಇತ್ತು, ಮುದಿ ಕುರಿಯನ್ನು ಎತ್ತುವ ಹಾಗೆ. ಹೀಗೆ ಒಂದೊಂದನ್ನೇ ನೆನೆದು ಅವನು ಸಿಟ್ಟಿಗೆ ಸೌದೆ ಹಾಕಿದ.

ಕೊರಕಲಿಗೆ ಬಂದರು. ಚಳಿಗಾಲದಲ್ಲಿ ಮೇಲಿನಿಂದ ಕುಸಿದ ಹಿಮ ಅಲ್ಲಿ ಜೂನ್ ತಿಂಗಳಿನಲ್ಲೂ ಕರಗದೆ ದಡದಿಂದ ದಡಕ್ಕೆ ಸೇತುವೆಯ ಹಾಗೆ ಬಿದ್ದಿರುತ್ತದೆ. ಅದರ ಹೊಟ್ಟೆಯಲ್ಲಿ ಹೊಳೆ ಹರಿಯುತ್ತದೆ. ಬೆಳಗಿನ ಹಿಮ ಕಲ್ಲಾಗಿತ್ತು, ಬೂಟು ಊರಿದರೆ ಕರಕರ ಎಂದಿತು. ಕಿಯಾನೂಷ್ ಕಾವಿನಿಂದ ಬಡಿದು ನೋಡಿ ದಾಟಿದ, ಉಳಿದವರೂ ದಾಟಿದರು. ತಪ್ಪು ಹಿಡಿಯಲು ಕಾದಿದ್ದ ಫರಾಮರ್ಜ್‌ಗೆ ಏನೂ ಸಿಗಲಿಲ್ಲ. ಹಿಡಿಯುವುದಕ್ಕೆ ತಪ್ಪಿಲ್ಲದೆ ಹೋದದ್ದೇ ಅವನಿಗೆ ದೊಡ್ಡ ತಪ್ಪಾಗಿ ಕಂಡಿತು.

ಕೆರೆ ಯಾವಾಗಲೂ ಒಮ್ಮೆಗೇ ಕಾಣಿಸುತ್ತದೆ. ಕೊನೆಯ ದಿಬ್ಬದ ಮೇಲೆ ತಲೆ ಎತ್ತಿದರೆ ಕಾಲಡಿಯಲ್ಲಿ ಅಷ್ಟಗಲದ ಕಡುನೀಲಿ, ಆ ದಡದಲ್ಲಿ ನೀರಿಗೆ ಇಳಿದ ಹಿಮ, ಗಾಳಿ ಬಿಟ್ಟರೆ ಬೇರೆ ಸದ್ದಿಲ್ಲ. ಮೊದಲು ನೋಡಿದವನು ಏನೂ ಹೇಳದೆ ಪಕ್ಕಕ್ಕೆ ಸರಿದು ನಿಲ್ಲುತ್ತಾನೆ, ಹಿಂದಿನವರು ತಾವೇ ನೋಡಲಿ ಎಂದು. ಎಷ್ಟೋ ವರ್ಷ ಹೀಗೆ ಸರಿದು ನಿಂತು ಬೇರೆಯವರ ಮುಖದಲ್ಲಿ ಕೆರೆಯನ್ನು ನೋಡಿದವನು ಅವನು. ಇಂದು ದಿಬ್ಬ ಹತ್ತಿದಾಗ ಎಲ್ಲರೂ ಸರಿದು ನಿಂತು ಅವನ ಮುಖ ನೋಡುತ್ತಿದ್ದರು. ನನಗೆ ಕೆರೆ ತೋರಿಸ್ತಾರಂತೆ, ನನಗೆ! ಅವನು ಕೆರೆಯ ಕಡೆ ಕಣ್ಣೆತ್ತದೆ ಯಾವಾಗಲೂ ಕೂರುವ ಬಂಡೆಯತ್ತ ನಡೆದ. ಅಷ್ಟರಲ್ಲಿ ಕಿಯಾನೂಷ್ ನೀರಿನ ಹತ್ತಿರದ ತಗ್ಗಿನಲ್ಲಿ ಚೀಲ ಇಳಿಸಿದ್ದ. ಅಲ್ಲಿ ಗಾಳಿ ತಾಗುತ್ತಿರಲಿಲ್ಲ. ಬಂಡೆಯ ಬಳಿ ಗಾಳಿ ಟೋಪಿ ಹಾರಿಸುವ ಹಾಗಿತ್ತು. ಇಷ್ಟು ವರ್ಷ ಎಲ್ಲರನ್ನೂ ಗಾಳಿಯಲ್ಲಿ ಕೂರಿಸಿದ್ದೆನೇ ಎಂಬ ಯೋಚನೆ ಬಂದು ಅವನ ಮೈ ಇನ್ನಷ್ಟು ಉರಿಯಿತು.

ಮಸಿ ಹಿಡಿದ ಕೆಟಲಿನಲ್ಲಿ ಚಹಾ ಕುದಿಯಿತು. ತೂರಾನ್ ರೊಟ್ಟಿ ಹಾಸಿ, ಆಲೂಗಡ್ಡೆ ಮಾಂಸದ ವಡೆ, ಉಪ್ಪು ಹಾಕಿದ ಸೌತೆಕಾಯಿ ಇಟ್ಟಳು. ಹಬೀಬ್ ಒಣಗಿದ ಹಿಪ್ಪುನೇರಳೆ ಹಣ್ಣಿನ ಗಂಟು ಬಿಚ್ಚಿದ. ಮುಂದಾಳು ಚಹಾ ಹಂಚಬೇಕು, ಕೊನೆಯ ಲೋಟ ತಾನು ತಗೊಳ್ಳಬೇಕು. ಕಿಯಾನೂಷ್ ಮೊದಲ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಫರಾಮರ್ಜ್‌ಗೆ ತಂದ. ಎಷ್ಟೋ ವರ್ಷಗಳಿಂದ ಕೊನೆಯ ಲೋಟ ಕುಡಿದವನ ಕೈಗೆ ಮೊದಲ ಲೋಟ. ಕಾಯಿಲೆಯವರಿಗೆ, ಮದುವೆ ಮನೆಯ ಮುದುಕರಿಗೆ ಕೊಡುವ ಲೋಟ. ಅವನು ಸಕ್ಕರೆಯ ತುಂಡನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, "ಹೇಗಿದೆ ದೊಡ್ಡಸ್ತಿಕೆ?" ಎಂದು ಕೇಳಿದ.

"ಭಯ ಆಗುತ್ತೆ ಆಗಾ," ಎಂದ ಕಿಯಾನೂಷ್. ಬೂಟು ಬಿಚ್ಚಿ ಕಾಲನ್ನು ನೀರಿಗಿಳಿಸುತ್ತಿದ್ದ. "ಮುಂದೆ ಯಾರ ಬೆನ್ನೂ ಕಾಣಲ್ವಲ್ಲ. ಹಿಂದೆ ನೀವಿದೀರಿ, ತಪ್ಪು ಮಾಡಿದ್ರೆ ಕೂಗಿ ನಿಲ್ಲಿಸ್ತೀರಿ ಅಂತ ಒಂದು ಧೈರ್ಯ."

ಬಾಯಲ್ಲಿ ಬೆಲ್ಲ ಎಂದುಕೊಂಡ ಫರಾಮರ್ಜ್. ತಿಳಿನೀರಿನಲ್ಲಿ ಆ ಎಡಗಾಲು ಬೆಳ್ಳಗೆ ಕಾಣುತ್ತಿತ್ತು, ಕಿರುಬೆರಳು ಇರಬೇಕಾದ ಕಡೆ ನುಣ್ಣಗೆ ಖಾಲಿ. ಅವನು ಮುಖ ತಿರುಗಿಸಿ ಎದುರು ದಡದ ಹಿಮವನ್ನು ನೋಡಿದ. ತೂರಾನ್ ಪಕ್ಕಕ್ಕೆ ಬಂದು ಕೂತು, ಬೇರೆಯವರಿಗೆ ಕೇಳದ ದನಿಯಲ್ಲಿ, ಬೆಳಿಗ್ಗೆಯಿಂದ ಮುಖ ಗಂಟಿಕ್ಕಿಕೊಂಡಿದ್ದೀಯ, ಬೇಕಿದ್ದರೆ ಕೇಳು, ಕೊಡುತ್ತಾನೆ ಎಂದಳು. ನನ್ನದನ್ನು ನಾನು ಬೇಡಬೇಕೇ ಎಂದ. ಅವಳು ರೊಟ್ಟಿಯ ಚೂರುಗಳನ್ನು ಮಡಿಲಿನಿಂದ ಕೊಡವಿ, ನೀನೇ ಕೊಟ್ಟದ್ದಲ್ಲವೇ, ಅವನೇನು ಕಿತ್ತುಕೊಂಡನೇ ಎಂದು ಎದ್ದು ಹೋದಳು. ಅವಳು ಹೋಗಿ ಕೂತದ್ದು ಕಿಯಾನೂಷನ ಪಕ್ಕದಲ್ಲಿ.

ಇಳಿಯುವಾಗ ಬಿಸಿಲು ಪಡುವಣಕ್ಕೆ ವಾಲಿ ಕಣಿವೆಯ ತುಂಬ ಹರಡಿತ್ತು. ಕೊರಕಲು ಸಮೀಪಿಸುತ್ತಿದ್ದ ಹಾಗೆ ಫರಾಮರ್ಜ್‌ಗೆ ದೂರದಿಂದಲೇ ಗೊತ್ತಾಯಿತು. ಹಿಮದ ಬಣ್ಣ ಬದಲಾಗಿತ್ತು, ಬೆಳಗಿನ ಬಿಳುಪು ಹೋಗಿ ಒದ್ದೆ ಬೂದಿಯಂತಾಗಿತ್ತು. ನಡುವೆ ಅಡ್ಡಕ್ಕೆ ಒಂದು ತಗ್ಗು, ಹಳೆಯ ಮಂಚ ಜಗ್ಗಿದ ಹಾಗೆ. ದಿನವಿಡೀ ಕರಗಿದ ನೀರು ಸೇರಿ ಕೆಳಗಿನ ಹೊಳೆಯ ಸದ್ದು ಎರಡು ಪಟ್ಟಾಗಿತ್ತು. ಬೆಳಗಿನ ದಾರಿ ಸಂಜೆಯ ದಾರಿಯಲ್ಲ. ಅವನು ಮುಂದಿದ್ದ ದಿನಗಳಲ್ಲಿ ಈ ಹೊತ್ತಿಗೆ ಒಂದು ಮಾತೂ ಆಡದೆ ಎಡಕ್ಕೆ ತಿರುಗಿ, ಮೇಲಿನ ಕಲ್ಲುರಾಶಿಯನ್ನು ಸುತ್ತಿಸಿ ಎಲ್ಲರನ್ನೂ ಇಳಿಸಿಬಿಡುತ್ತಿದ್ದ. ಏಕೆ ಸುತ್ತು ಎಂದು ಯಾರೂ ಕೇಳಿದವರಲ್ಲ, ಅವನೂ ಹೇಳಿದವನಲ್ಲ. ಹಿಂದೆ ನಡೆಯುವವನಿಗೆ ಕಾಣುವುದು ಮುಂದಿನವನ ಹಿಮ್ಮಡಿ ಮಾತ್ರ. ಈಗ ನೋಡಲಿ, ಮುಂದೆ ನಡೆಯುವುದೆಂದರೆ ಏನೆಂದು ನೋಡಲಿ.

ಕಿಯಾನೂಷ್ ಹಿಮದ ಅಂಚಿನಲ್ಲಿ ನಿಂತ. ಕಾವು ತಿರುಗಿಸಿ ಬಡಿದ. ದಡದ ಹತ್ತಿರ ಧಪ್ ಎಂದಿತು. ಬಗ್ಗಿ, ತೋಳು ಚಾಚಿ ಇನ್ನೂ ಮುಂದೆ ಬಡಿದ. ಖಾಲಿ ಎಣ್ಣೆ ಡಬ್ಬ ಬಡಿದ ಸದ್ದು. ಎಲ್ಲರಿಗಿಂತ ಹಿಂದೆ ನಿಂತಿದ್ದ ಫರಾಮರ್ಜ್‌ಗೆ ಅದು ತನ್ನ ಎದೆಗೇ ಬಡಿದಷ್ಟು ಸ್ಪಷ್ಟವಾಗಿ ಕೇಳಿಸಿತು. ಕಿಯಾನೂಷ್ ತಲೆ ವಾಲಿಸಿ ಇನ್ನೊಮ್ಮೆ ಬಡಿದ. ಹೊಳೆಯ ಸದ್ದಿನಲ್ಲಿ ಅವನಿಗೆ ಅರ್ಥವಾಗಲಿಲ್ಲ. ಹಿಂದಿರುಗಿದ. ತೂರಾನ್ ಮತ್ತು ಹಬೀಬರ ತಲೆಯ ಮೇಲಿಂದ ನೇರವಾಗಿ ಅವನ ಕಣ್ಣಿಗೆ ಕಣ್ಣು ಕೊಟ್ಟು ಕೇಳಿದ.

"ಆಗಾ ಫರಾಮರ್ಜ್, ಇದರ ಮೇಲೆ ಹೋಗ್ಬಹುದಾ? ಇಲ್ಲಾ ಸುತ್ತಿಕೊಂಡು ಹೋಗೋಣ್ವಾ?"

ಮೈಯೊಳಗೆ ಏನೋ ತಣ್ಣಗೆ ಹರಡಿತು. ಬೆಳಿಗ್ಗೆಯಿಂದ ಮೊದಲ ಸಲ ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು. "ನನ್ನನ್ನೇನು ಕೇಳ್ತೀರಿ," ಎಂದ. ಹದಿನೈದು ವರ್ಷದಿಂದ ನೀನು ಎಂದವನನ್ನು ನೀವು ಎಂದ. "ಮುಂದಾಳು ನೀವು."

"ನಿಮಗೆ ಗೊತ್ತಿರುತ್ತಲ್ಲ ಆಗಾ. ಹೇಳಿ."

"ನೀವಿರುವಾಗ ನಾನ್ಯಾರು ಹೇಳೋಕೆ? ನಿಮಗೆ ಸರಿ ಅನ್ನಿಸಿದ್ದು ನಮಗೂ ಸರಿ." ಕೈ ಎದೆಯ ಮೇಲಿತ್ತು. ತಲೆ ಚೂರು ಬಾಗಿತ್ತು. ಮೂರನೆಯ ಸಲ ಕೇಳಲಿ, ಹೇಳುತ್ತೇನೆ, ಖಂಡಿತ ಹೇಳುತ್ತೇನೆ. ಎರಡು ಆಯಿತು, ಇನ್ನೊಂದೇ ಒಂದು. ಇಷ್ಟು ಹೊತ್ತು ಉರಿದದ್ದೆಲ್ಲ ಆ ಒಂದು ಮಾತಿಗೆ ಆರಿಹೋಗುತ್ತದೆ, ಮುಂದೆ ಹೋಗಿ ಪಿಕಾಸಿ ಕೈಗೆ ತಗೊಂಡು ಹೇಗೆ ಬಡಿಯಬೇಕು, ಹೇಗೆ ಕೇಳಬೇಕು ಎಂದು ತೋರಿಸಿಕೊಡುತ್ತೇನೆ, ಸಂಜೆ ಹಬೀಬನ ಅಂಗಡಿಯಲ್ಲಿ ಕೂತು ನಗುತ್ತೇವೆ. ಕಿಯಾನೂಷನ ಮುಖ ಹಗುರಾಯಿತು. ಅವನು ತಲೆಯಾಡಿಸಿ, ತಿರುಗಿ, ಹಿಮದ ಮೇಲೆ ಕಾಲಿಟ್ಟ.

ಫರಾಮರ್ಜ್ ಬಾಯಿ ತೆರೆದ. ಶಬ್ದ ಬರಲಿಲ್ಲ. ಬರಲಿಲ್ಲವೋ, ಅವನು ತರಲಿಲ್ಲವೋ? ಹುಡುಗ ಒಂದೊಂದೇ ಹೆಜ್ಜೆ ಇಡುತ್ತಿದ್ದ, ನಂಬಿಕೆಯ ಹೆಜ್ಜೆ, ಹೇಳಿಸಿಕೊಂಡು ಹೋಗುವವನ ಹೆಜ್ಜೆ. ಈಗ ಕೂಗಿದರೆ ಗಾಬರಿಯಾಗಿ ಬೀಳುತ್ತಾನೆ, ಆದ್ದರಿಂದ ಕೂಗಬಾರದು ಎಂದು ತಲೆ ಒಂದು ನೆಪ ಹೇಳಿಕೊಟ್ಟಿತು. ನಡುವಿನ ತಗ್ಗಿನಲ್ಲಿ ಕಿಯಾನೂಷನ ಬಲಗಾಲು ಮಂಡಿಯವರೆಗೆ ಇಳಿಯಿತು. ಆ ಗಳಿಗೆಯಲ್ಲಿ, ಎಲ್ಲಕ್ಕಿಂತ ಮೊದಲು, ಭಯಕ್ಕಿಂತಲೂ ಮೊದಲು, ಫರಾಮರ್ಜ್‌ಗೆ ಖುಷಿಯಾಯಿತು. ಸೂಜಿಮೊನೆಯಷ್ಟು ಸಣ್ಣ, ಅಷ್ಟೇ ಚೂಪಾದ ಖುಷಿ. ಅದು ತನ್ನದೇ ಎಂಬುದರಲ್ಲಿ ಸಂಶಯವಿರಲಿಲ್ಲ. ಕಿಯಾನೂಷ್ ಪಿಕಾಸಿಯನ್ನು ಅಡ್ಡ ಒಗೆದು ಅದರ ಮೇಲೆ ಭಾರ ಹಾಕಿ ಕಾಲು ಕಿತ್ತುಕೊಂಡ. ಮಿಕ್ಕಷ್ಟು ದೂರವನ್ನು ತೆವಳಿಕೊಂಡೇ ದಾಟಿ ಆಚೆ ದಡದಲ್ಲಿ ಎದ್ದು ನಿಂತ. ನಗುತ್ತಿದ್ದ. ನಡುವೆ ಸ್ವಲ್ಪ ಮೆತ್ತಗಿದೆ, ನನ್ನ ಹೆಜ್ಜೆ ಬಿಟ್ಟು ಚೂರು ಮೇಲ್ಗಡೆ ಬನ್ನಿ, ಕೈ ಕೊಡ್ತೀನಿ ಎಂದು ಕೂಗಿದ.

ತೂರಾನ್ ತಲೆಬಟ್ಟೆ ಬಿಗಿದುಕೊಂಡು ಹಿಮದ ಮೇಲೆ ಕಾಲಿಟ್ಟಳು.

"ತೂರಾನ್, ಬೇಡ! ಟೊಳ್ಳಾಗಿದೆ ಅದು, ಮುರಿಯುತ್ತೆ!"

ಈ ಸಲ ಶಬ್ದ ಬಂತು. ಕಣಿವೆಯ ಗೋಡೆಗೆ ಬಡಿದು ತಿರುಗಿಯೂ ಬಂತು. ಅವಳ ಕಾಲು ಅಲ್ಲೇ ನಿಂತಿತು. ಆಚೆ ದಡದಲ್ಲಿ ಕೈ ಚಾಚಿದ್ದ ಕಿಯಾನೂಷನ ಕೈಯೂ ಅಲ್ಲೇ ನಿಂತಿತು. ಹಬೀಬ್ ಮಾತಾಡದೆ ಇದ್ದದ್ದನ್ನು ಫರಾಮರ್ಜ್ ಜೀವಮಾನದಲ್ಲಿ ಅದೇ ಮೊದಲು ನೋಡಿದ್ದು. ಹಬೀಬ್ ಬಗ್ಗಿ ಒಂದು ದಪ್ಪ ಕಲ್ಲನ್ನು ಎರಡು ಕೈಯಲ್ಲಿ ಎತ್ತಿ, ಹೊಟ್ಟೆಯಿಂದ ನೂಕಿದ ಹಾಗೆ ನೂಕಿ, ಹಿಮದ ನಡುವಿಗೆ ಎಸೆದ. ಹಿಮ ಸದ್ದಿಲ್ಲದೆ ಕೆಳಗೆ ಹೋಯಿತು. ಕಿಯಾನೂಷ್ ತೆವಳಿದ್ದ ಜಾಗದಲ್ಲಿ ಒಂದು ಕಪ್ಪು ಬಾಯಿ ತೆರೆದುಕೊಂಡು ಹೊಳೆಯ ಆರ್ಭಟ ಒಮ್ಮೆಗೇ ಮೇಲೆ ಬಂತು.

ಕಿಯಾನೂಷ್ ಆ ಬಾಯನ್ನು ನೋಡಿದ. ಆಮೇಲೆ ಫರಾಮರ್ಜ್‌ನನ್ನು ನೋಡಿದ. ಸಿಟ್ಟಿನ ನೋಟವಾಗಿದ್ದರೆ ಅವನು ತಡೆದುಕೊಳ್ಳುತ್ತಿದ್ದ, ಬೆಳಿಗ್ಗೆಯಿಂದ ಸಿಟ್ಟಿನ ಜೊತೆಗೇ ನಡೆದವನಲ್ಲವೇ? ಅದು ಗುರುತು ಹಿಡಿಯಲು ನೋಡುವ ನೋಟವಾಗಿತ್ತು, ಅಂಗಡಿಯಲ್ಲಿ ಕನ್ನಡಕ ಬದಲಾಯಿಸಿದವರು ಕನ್ನಡಿಯನ್ನು ನೋಡುವ ಹಾಗೆ. ನೋಡಿ ಮುಗಿಸಿ, ನೀವು ಸುತ್ತಿ ಬನ್ನಿ, ಕೆಳಗೆ ಕಾಯುತ್ತೇನೆ ಎಂದು ಕೈಸನ್ನೆ ಮಾಡಿ, ಇಳಿದು ಹೋದ.

ಕಲ್ಲುರಾಶಿಯನ್ನು ಸುತ್ತುವಾಗ ದಾರಿ ತಿಳಿದವನೆಂದು ಫರಾಮರ್ಜ್ ಮುಂದೆ ನಡೆಯಬೇಕಾಯಿತು. ಅವನಿಗೆ ಬೇಕಾಗಿದ್ದ ಜಾಗ. ಬೆನ್ನ ಹಿಂದೆ ತೂರಾನಳ ಬೂಟಿನ ಸದ್ದು, ಅದರ ಹಿಂದೆ ಹಬೀಬನ ಏದುಸಿರು. ತೂರಾನ್, "ನಿನಗೆ ಗೊತ್ತಿತ್ತು" ಎಂದಳು. ಕೇಳಿದ್ದಲ್ಲ, ಹೇಳಿದ್ದು.

"ಅವನು ಮೂರನೇ ಸಲ ಕೇಳಲಿಲ್ಲ," ಎಂದ ಫರಾಮರ್ಜ್. ಆ ಮಾತು ತನ್ನ ಕಿವಿಗೆ ಬಿದ್ದಾಗ ನಿಂತ. ಮಾತು ಆಡಿದರೆ ಹೋಯಿತು. ಕಾಲಡಿಯ ಕಲ್ಲುಗಳು ಸರಸರ ಜಾರಿ ಸುಮ್ಮನಾದವು.

"ಮರ ದಾಟಿದ ಮೇಲೆ ಒಂದೇ ಸಲ ಅಂತ ಅವನಿಗೆ ಹೇಳಿಕೊಟ್ಟೋನು ನೀನೇ," ಎಂದಳು ತೂರಾನ್. "ಅವನು ಅದನ್ನ ಕಾಲಲ್ಲಿ ಬರ್ಕೊಂಡಿದ್ದಾನೆ." ಅವನನ್ನು ದಾಟಿ ಮುಂದೆ ನಡೆದಳು. ಹಬೀಬ್ ಕೂಡ ದಾಟಿದ. ದಾಟುವಾಗ ಅವನ ಭುಜ ಮುಟ್ಟಲು ಕೈ ಎತ್ತಿ, ಮುಟ್ಟದೆ ಇಳಿಸಿದ. ಫರಾಮರ್ಜ್ ಮತ್ತೆ ಎಲ್ಲರಿಗಿಂತ ಹಿಂದೆ ಉಳಿದ. ಈಗ ಸಿಟ್ಟಾಗಲು ಯಾರೂ ಸಿಗಲಿಲ್ಲ. ಹುಡುಕಿದ. ಸಫರಲಿಯ ಮೇಲೆ ಸಿಟ್ಟಾಗಿ ನೋಡಿದ, ಹಾಜ್ ಆಗಾ ಎಂದ ಹುಡುಗಿಯ ಮೇಲೆ ಸಿಟ್ಟಾಗಿ ನೋಡಿದ, ಎಲ್ಲವೂ ಒಂದೆರಡು ಹೆಜ್ಜೆ ನಡೆದು ತಿರುಗಿ ತನ್ನ ಹತ್ತಿರವೇ ಬಂದು ನಿಂತವು.

ಅಕ್ರೋಟ್ ಮರದ ಹತ್ತಿರ ಕಿಯಾನೂಷ್ ಕಾಯುತ್ತಿದ್ದ. ಮರದ ಕೆಳಗಡೆ, ಹಳ್ಳಿಯ ಕಡೆ. ತೂರಾನ್ ಅವನ ಕೆನ್ನೆ ಸವರಿ ಕಾರಿನತ್ತ ನಡೆದಳು, ಹಬೀಬ್ ಅವಳ ಹಿಂದೆ ಹೋದ. ಫರಾಮರ್ಜ್ ಮರದ ಈಚೆ, ಬೆಟ್ಟದ ಕಡೆಯೇ ನಿಂತುಬಿಟ್ಟ. ಕಿಯಾನೂಷ್ ದಣಿವಾಗದಿರಲಿ ಆಗಾ ಎಂದು ಹಾರೈಸಿ, ಪಿಕಾಸಿಯನ್ನು ಎರಡೂ ಅಂಗೈಗಳ ಮೇಲೆ ಅಡ್ಡಲಾಗಿ ಇಟ್ಟು ನೀಡಿದ. ಹಿಮದ ಕೊಳೆಯನ್ನು ಒರೆಸಿ ಒಣಗಿಸಿದ್ದ.

"ಅದು ನಿನ್ನ ಹತ್ರಾನೇ ಇರಲಿ," ಎಂದ ಫರಾಮರ್ಜ್. ಅಷ್ಟು ನಿಜವಾದ ಮಾತನ್ನು ಅವನು ಆ ದಿನ ಆಡಿರಲಿಲ್ಲ, ಯಾವ ದಿನ ಆಡಿದ್ದನೋ.

ಕಿಯಾನೂಷ್ ತಲೆ ಬಾಗಿಸಿ, ಎಲ್ಲಾದರೂ ಉಂಟೇ ಆಗಾ ಎಂದ.

"ಕಿಯಾನೂಷ್, ನಾನು ಮರದ ಮೇಲ್ಗಡೆ ನಿಂತು ಹೇಳ್ತಿದೀನಿ. ಇಟ್ಕೋ."

ನಿಮ್ಮ ದೊಡ್ಡತನ ಎಂದ ಕಿಯಾನೂಷ್. ಮುಗುಳ್ನಕ್ಕ ಕೂಡ. ಅಪರಿಚಿತರ ಮನೆಯಲ್ಲಿ ಹಣ್ಣಿನ ತಟ್ಟೆಯನ್ನು ದೂರ ಸರಿಸುವಾಗ ನಗುವ ನಗು ಅದು. ಅದರಲ್ಲಿ ಒಂದು ಕುಂದು ಹುಡುಕಲಾಗುತ್ತಿರಲಿಲ್ಲ. ಯಾರು ಕಲಿಸಿದ್ದರು ಇವನಿಗೆ ಇದನ್ನೆಲ್ಲ? ಫರಾಮರ್ಜ್ ಮೂರನೆಯ ಸಲ ಹೇಳಿದ. ಕಿಯಾನೂಷ್ ಪಿಕಾಸಿಯನ್ನು ಅವನ ಕೈಗಳ ಮೇಲೆ ಇಟ್ಟು, ಎದೆಯ ಮೇಲೆ ಅಂಗೈಯಿಟ್ಟುಕೊಂಡು ಒಂದು ಹೆಜ್ಜೆ ಹಿಂದೆ ಸರಿದ.

"ನೀವಿರುವಾಗ ನಾನ್ಯಾರು, ಆಗಾ," ಎಂದ.

ಬೆಳಿಗ್ಗೆಯಿಂದ ಫರಾಮರ್ಜ್ ಕಾದಿದ್ದದ್ದು ಅದೇ ಮಾತಿಗಾಗಿ.